ನೋಟೀಸು ಬಂದರೂ ದಿನ ಎಣಿಸಿ, ಕೊಟ್ಟರೂ ದಿನ ಎಣಿಸಿ

ರೈತನ ಮನೆಗೆ ವಕೀಲರ ನೋಟೀಸು ಬಂತು ಅಂದ್ರೆ ಎರಡು ಥರದ ಜನ ಕಾಣಸಿಗ್ತಾರೆ. ಕೆಲವರು ಊಟ ಬಿಟ್ಟು ಕೂತುಬಿಡ್ತಾರೆ, ನಾಳೆಯೇ ಪೊಲೀಸರು ಬಂದು ಎಳಕೊಂಡು ಹೋಗ್ತಾರೆ ಅನ್ನೋ ಹಾಗೆ. ಇನ್ನು ಕೆಲವರು ಅದನ್ನ ಓದಿಸದೆ ಮಡಚಿ ಜಂತಿಗೆ ಸಿಕ್ಕಿಸಿ ಹೊಲದ ಕಡೆ ನಡೀತಾರೆ. "ಅಂಥಾವು ಎಷ್ಟು ಬಂದಿಲ್ಲ" ಅನ್ನೋ ಮಾತು ಬೇರೆ. ಎರಡೂ ಸರಿಯಲ್ಲ. ನೋಟೀಸು ಅಂದರೆ ಕೋರ್ಟಿನ ಆದೇಶವೂ ಅಲ್ಲ, ರದ್ದಿ ಕಾಗದವೂ ಅಲ್ಲ. ಅದೊಂದು ವಾಯಿದೆ ಕಾಗದ. ಅದು ಕೈಗೆ ಬಂದ ದಿನದಿಂದ ದಿನಗಳು ಓಡೋಕೆ ಶುರುವಾಗ್ತವೆ.

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯ ಮಳೆ ಆಶ್ರಯದ ಹೊಲ, ಶೇಂಗಾ ಮತ್ತು ತೊಗರಿ ನಮ್ಮ ಬೆಳೆ. ನಾನು ವಕೀಲನಲ್ಲ. ಆದರೆ ಒಂದು ಸಲ ನಾನೇ ನೋಟೀಸು ಕೊಟ್ಟಿದ್ದೇನೆ, ಒಂದು ಸಲ ನನಗೆ ಬಂದ ನೋಟೀಸಿಗೆ ಜವಾಬು ಕೊಟ್ಟಿದ್ದೇನೆ. ಆಮೇಲೆ ಊರಿನ ಹತ್ತಾರು ಜನರ ಕಾಗದ ಹಿಡಿದು ವಕೀಲರ ಹತ್ತಿರ ಹೋಗಿ ಬಂದಿದ್ದೇನೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೀತಿದ್ದೇನೆ. ನಿಮ್ಮ ವ್ಯಾಜ್ಯಕ್ಕೆ ವಕೀಲರನ್ನೇ ಕಾಣಬೇಕು. ಆದರೆ ಯಾವಾಗ ಕಾಣಬೇಕು, ಏನು ಹಿಡ್ಕೊಂಡು ಹೋಗಬೇಕು ಅನ್ನೋದು ನಮಗೇ ಗೊತ್ತಿರಬೇಕು.

ನೋಟೀಸು ಯಾವುದು, ಸಮನ್ಸು ಯಾವುದು

ಮೊದಲು ಕಾಗದ ಯಾವುದು ಅಂತ ನೋಡಿ. ವಕೀಲರ ನೋಟೀಸಿನ ತಲೆಯಲ್ಲಿ ವಕೀಲರ ಹೆಸರು, ಆಫೀಸಿನ ವಿಳಾಸ ಇರ್ತದೆ. "ನಮ್ಮ ಕಕ್ಷಿದಾರರು ಹೇಳಿದ ಮೇರೆಗೆ" ಅಂತ ಶುರುವಾಗ್ತದೆ. ಇಂತಿಷ್ಟು ದಿನದಲ್ಲಿ ಹಣ ಕೊಡಿ, ಇಲ್ಲವೇ ಒತ್ತುವರಿ ತೆರವು ಮಾಡಿ, ತಪ್ಪಿದರೆ ದಾವೆ ಹಾಕ್ತೇವೆ, ಖರ್ಚು ನಿಮ್ಮ ಮೇಲೆ ಬರ್ತದೆ ಅಂತ ಮುಗೀತದೆ. ಇದು ಎದುರು ಪಾರ್ಟಿಯವರು ಹೇಳೋ ಮಾತು, ಅಷ್ಟೇ. ಅದರಲ್ಲಿ ಬರೆದದ್ದೆಲ್ಲ ನಿಜ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ.

ಸಮನ್ಸು ಬೇರೆ. ಅದರಲ್ಲಿ ಕೋರ್ಟಿನ ಹೆಸರು, ಮೊಹರು, ಕೇಸಿನ ನಂಬರು, ನೀವು ಹಾಜರಾಗಬೇಕಾದ ತಾರೀಖು ಇರ್ತವೆ. ಸಿವಿಲ್ ದಾವೆಯಲ್ಲಿ ಸಮನ್ಸು ಮುಟ್ಟಿದ 30 ದಿನದೊಳಗೆ ನಿಮ್ಮ ಲಿಖಿತ ಹೇಳಿಕೆ ಹಾಕಬೇಕು. ಕೋರ್ಟು ಕಾರಣ ನೋಡಿ 90 ದಿನದವರೆಗೆ ಬಿಡಬಹುದು. ಹೋಗದೇ ಇದ್ದರೆ ಏಕತರ್ಫಾ ತೀರ್ಪಾಗ್ತದೆ, ಅಂದರೆ ಎದುರಿನವರ ಮಾತು ಮಾತ್ರ ಕೇಳಿ ಮುಗಿಸ್ತಾರೆ. ಚೆಕ್ಕಿನ ಕೇಸಿನಲ್ಲಿ ಸಮನ್ಸಿಗೆ ಹೋಗದಿದ್ದರೆ ವಾರಂಟೇ ಬರಬಹುದು. ಸಮನ್ಸು ಬಂದರೆ ಅದೇ ವಾರ ವಕೀಲರನ್ನು ಕಾಣಿ. ಈ ಲೇಖನ ಅದಕ್ಕೂ ಹಿಂದಿನ ಹಂತದ್ದು.

ತಗೊಳ್ಳೋದಿಲ್ಲ ಅಂದರೆ ತಪ್ಪಿಸಿಕೊಂಡ ಹಾಗಲ್ಲ

ನಮ್ಮ ಹಳ್ಳಿಗಳಲ್ಲಿ ಒಂದು ನಂಬಿಕೆ ಉಂಟು. ಅಂಚೆಯಣ್ಣ ಬಂದಾಗ "ಅವರು ಊರಲ್ಲಿಲ್ಲ" ಅಂತ ಹೇಳಿಸಿದರೆ ನೋಟೀಸು ವಾಪಸ್ ಹೋಗ್ತದೆ, ಆಮೇಲೆ ಏನೂ ಆಗಲ್ಲ ಅಂತ. ಇದು ಪೂರಾ ಸುಳ್ಳು. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಕಟ್ಟಿ, ನೋಂದಾಯಿಸಿ ಕಳಿಸಿದ ಕಾಗದ ಮುಟ್ಟಿದೆ ಅಂತಲೇ ಕಾನೂನು ತಿಳಿದುಕೊಳ್ತದೆ. 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೇ ಕಲಮಿನಲ್ಲಿ ಇದು ಇದೆ. "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಷರಾ ಬರೆದು ಲಕೋಟೆ ವಾಪಸ್ ಹೋದರೆ, ಕಳಿಸಿದವರು ಆ ಲಕೋಟೆಯನ್ನು ಒಡೆಯದೆ ಹಾಗೇ ಕೋರ್ಟಿಗೆ ಕೊಡ್ತಾರೆ. ನಷ್ಟ ಆಗೋದು ನಮಗೇ. ಒಳಗೆ ಏನು ಬರೆದಿದೆ ಅಂತ ತಿಳಿಯಲ್ಲ, ದಿನ ಮಾತ್ರ ಓಡ್ತಿರ್ತವೆ.

ಆದ್ದರಿಂದ ಲಕೋಟೆ ಬಂದರೆ ಸಹಿ ಹಾಕಿ ತಗೊಳ್ಳಿ. ಸಹಿ ಹಾಕಿದ ಮಾತ್ರಕ್ಕೆ ಒಳಗಿನದನ್ನು ಒಪ್ಪಿದ ಹಾಗಾಗಲ್ಲ. ತಗೊಂಡ ತಾರೀಖನ್ನು ಲಕೋಟೆಯ ಮೇಲೇ ಬರೀರಿ. ಲಕೋಟೆ ಎಸೀಬೇಡಿ. ಅಂಚೆಯ ಮುದ್ರೆ ಇರೋದು ಅದರ ಮೇಲೇ.

ಚೆಕ್ಕು ವಾಪಸ್ ಬಂದಾಗ

ರೈತ ನೋಟೀಸು ಕೊಡಬೇಕಾಗಿ ಬರೋ ಕಾರಣಗಳಲ್ಲಿ ದೊಡ್ಡದು ಚೆಕ್ಕು. ಮಾಲು ಒಯ್ದ ವರ್ತಕರು ಮುಂದಿನ ತಾರೀಖಿನ ಚೆಕ್ಕು ಕೊಡ್ತಾರೆ, ಬ್ಯಾಂಕಿಗೆ ಹಾಕಿದರೆ ಖಾತೆಯಲ್ಲಿ ಹಣ ಇರಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 138ನೇ ಕಲಂ ಸೇರಿ 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂದಿನಿಂದ ಇದು ಅಪರಾಧ. ಎರಡು ವರ್ಷದವರೆಗೆ ಸಜೆ, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಈ ಕಾಯಿದೆ ಕೆಲಸ ಮಾಡೋದು ದಿನಗಳ ಲೆಕ್ಕದ ಮೇಲೆ. ಒಂದು ದಿನ ತಪ್ಪಿದರೂ ಬಾಗಿಲು ಮುಚ್ಚಬಹುದು. ಹದ ಹೋದ ಮೇಲೆ ಬಿತ್ತಿದ ಹಾಗೆ.

ಲೆಕ್ಕ ಹೀಗಿದೆ:

1. ಚೆಕ್ಕಿನ ಮೇಲಿರೋ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಮೊದಲು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಮೂರು ತಿಂಗಳಿಗೆ ಇಳಿಸಿತು.

2. ಚೆಕ್ಕು ವಾಪಸ್ ಬಂತು ಅಂತ ಬ್ಯಾಂಕಿನಿಂದ ನಿಮಗೆ ತಿಳಿದ 30 ದಿನದೊಳಗೆ ಚೆಕ್ಕು ಕೊಟ್ಟವರಿಗೆ ಬರಹದಲ್ಲಿ ನೋಟೀಸು ಕೊಡಬೇಕು. ಮೊದಲು ಇದು 15 ದಿನವಿತ್ತು. 2002ರ ತಿದ್ದುಪಡಿಯಲ್ಲಿ 30 ಆಯಿತು.

3. ನೋಟೀಸು ಮುಟ್ಟಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ ಬಿಡಬೇಕು.

4. ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾರ್ಚ್ 5ಕ್ಕೆ ಬ್ಯಾಂಕಿನ ಮೆಮೊ ನಿಮ್ಮ ಕೈಗೆ ಬಂತು. ಏಪ್ರಿಲ್ 4ರೊಳಗೆ ನೋಟೀಸು ಹೋಗಬೇಕು. ನೀವು ತಡಮಾಡದೆ ಮಾರ್ಚ್ 12ಕ್ಕೆ ಕಳಿಸಿದಿರಿ, ಅವರಿಗೆ 16ಕ್ಕೆ ಮುಟ್ಟಿತು. 17ರಿಂದ ಎಣಿಸಿದರೆ 31ಕ್ಕೆ ಅವರ 15 ದಿನ ಮುಗೀತದೆ. ಅಷ್ಟರಲ್ಲಿ ಹಣ ಬರಲಿಲ್ಲ ಅಂದರೆ ಏಪ್ರಿಲ್ ತಿಂಗಳು ಮುಗಿಯೋದರೊಳಗೆ ದೂರು ಹಾಕಬೇಕು. 15 ದಿನ ಮುಗಿಯೋ ಮುಂಚೆ ಅವಸರ ಮಾಡಿ ಹಾಕಿದ ದೂರು ಊರ್ಜಿತವಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಡವೂ ಆಗಬಾರದು, ಅವಸರವೂ ಆಗಬಾರದು.

2017ರಲ್ಲಿ ನಾನು 14 ಕ್ವಿಂಟಾಲ್ ಶೇಂಗಾ ಕೊಟ್ಟೆ. 58,800 ರೂಪಾಯಿಗೆ ಚೆಕ್ಕು ಬರೆದುಕೊಟ್ಟರು, ಅದು ವಾಪಸ್ ಬಂತು. ಕೇಳಕ್ಕೆ ಹೋದರೆ "ಏನಣ್ಣಾ, ಇಷ್ಟು ವರ್ಷದ ವ್ಯವಹಾರ, ನಾನೇನು ಓಡಿ ಹೋಗ್ತೀನಾ? ಹಬ್ಬ ಮುಗೀಲಿ" ಅಂದರು. ನಾನು "ಹಬ್ಬ ಮಾಡ್ರಿ, ನನ್ನ ಕಾಗದವೂ ಬರ್ತದೆ" ಅಂತ ಹೇಳಿ, ಅದೇ ವಾರ ವಕೀಲರ ಮೂಲಕ ನೋಟೀಸು ಕಳಿಸಿದೆ. ಮುಟ್ಟಿದ ಹನ್ನೊಂದನೇ ದಿನ ಹಣ ಖಾತೆಗೆ ಬಂತು. ಕೋರ್ಟಿಗೆ ಹೋಗೋ ಪ್ರಸಂಗವೇ ಬರಲಿಲ್ಲ. ಅದೇ ವರ್ತಕರಿಂದ ಪಕ್ಕದೂರಿನ ನಮ್ಮ ಬೀಗರಿಗೂ ಚೆಕ್ಕು ಬಂದಿತ್ತು. ಅವರು ಮುಖ ಮುರೀಬಾರದು ಅಂತ ಹಬ್ಬ ಕಾದರು, ಜಾತ್ರೆ ಕಾದರು. 30 ದಿನ ಹೋಯಿತು, ಚೆಕ್ಕಿನ ಮೂರು ತಿಂಗಳೂ ಹೋಯಿತು. ಆಮೇಲೆ ಮೂರು ವರ್ಷವೂ ದಾಟಿತು. ಒಂದು ವರ್ಷದ ದುಡಿಮೆ ಹಾಗೇ ಹೋಯಿತು. ಮಗಳ ಮದುವೆಗೆ ಅಂತ ಇಟ್ಟುಕೊಂಡಿದ್ದ ಹಣ ಅದು.

30 ದಿನ ತಪ್ಪಿದವರಿಗೂ ಒಂದು ದಾರಿ ಇದೆ. ಚೆಕ್ಕಿನ ಮೂರು ತಿಂಗಳು ಇನ್ನೂ ಇದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ವಾಪಸ್ ಬಂದರೆ ಅಲ್ಲಿಂದ ಹೊಸದಾಗಿ 30 ದಿನ ಸಿಗ್ತದೆ. ಅದೂ ಹೋದರೆ ಹಣ ವಸೂಲಿಗೆ ಸಿವಿಲ್ ದಾವೆ ಇದೆ. ಅದಕ್ಕೆ ಮೂರು ವರ್ಷದ ಮಿತಿ.

ನೋಟೀಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಬೇರೆಯಾಗಿ, ಸ್ಪಷ್ಟವಾಗಿ ಕೇಳಬೇಕು. ಬಡ್ಡಿ, ಓಡಾಟದ ಖರ್ಚು, ಹಳೇ ಬಾಕಿ ಎಲ್ಲ ಕೂಡಿಸಿ ಒಂದೇ ಮೊತ್ತ ಬರೆದರೆ ನೋಟೀಸೇ ಬಿದ್ದುಹೋಗೋ ಸಂಭವ ಇದೆ. ಚೆಕ್ಕು ಅಂಗಡಿಯ ಹೆಸರಲ್ಲಿದ್ದರೆ ಅಂಗಡಿಗೂ, ಸಹಿ ಹಾಕಿದವರಿಗೂ ಇಬ್ಬರಿಗೂ ಕಳಿಸಿ. "ಖಾತೆ ಮುಚ್ಚಿದೆ", "ಪಾವತಿ ನಿಲ್ಲಿಸಲು ಹೇಳಿದ್ದಾರೆ" ಅಂತ ಚೆಕ್ಕು ವಾಪಸ್ ಬಂದರೂ 138ನೇ ಕಲಂ ಬಿಡೋದಿಲ್ಲ. ಇನ್ನೊಂದು ಅನುಕೂಲ: 2015ರ ತಿದ್ದುಪಡಿಯ ನಂತರ ನಿಮ್ಮ ಖಾತೆ ಇರೋ ಬ್ಯಾಂಕಿನ ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೆ ಬರ್ತದೋ ಅಲ್ಲೇ ದೂರು ಹಾಕಬಹುದು. ವರ್ತಕರ ಊರಿಗೆ ಅಲೆಯಬೇಕಾಗಿಲ್ಲ.

ಚೆಕ್ಕಿಲ್ಲದ ಬಾಕಿ

ಎಷ್ಟೋ ವ್ಯವಹಾರ ಬಿಳಿ ಚೀಟಿಯಲ್ಲೇ ನಡೀತದೆ. ಅಂಥ ಬಾಕಿಗೆ ನೋಟೀಸು ಕೊಡಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ನೇರ ದಾವೆ ಹಾಕಬಹುದು. ಆದರೂ ನೋಟೀಸು ಕೊಡೋದು ಒಳ್ಳೇದು. ಅರ್ಧಕ್ಕರ್ಧ ವ್ಯಾಜ್ಯ ಅಲ್ಲೇ ಮುಗೀಬಹುದು. ಮುಗಿಯದಿದ್ದರೆ ನಾವು ಕೇಳಿದ್ದೆವು, ಅವರು ಕೊಡಲಿಲ್ಲ ಅನ್ನೋದಕ್ಕೆ ಆಧಾರ ಇರ್ತದೆ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನೋಟೀಸು ಕೊಟ್ಟ ಮಾತ್ರಕ್ಕೆ ಮೂರು ವರ್ಷದ ಮಿತಿ ಮುಂದಕ್ಕೆ ಹೋಗೋದಿಲ್ಲ. ಎರಡು ವರ್ಷ ಹನ್ನೊಂದು ತಿಂಗಳಿಗೆ ನೋಟೀಸು ಕೊಟ್ಟು, ಜವಾಬಿಗೆ ಕಾದು ಕೂತರೆ ದಾವೆ ಹಾಕೋ ಹಕ್ಕು ಕೈಬಿಟ್ಟು ಹೋಗ್ತದೆ. ಮಿತಿ ಹೊಸದಾಗಿ ಶುರುವಾಗೋದು ಬೇರೆ ಕಾರಣಕ್ಕೆ. ಮೂರು ವರ್ಷ ಮುಗಿಯೋ ಮುಂಚೆ ಸಾಲಗಾರ "ಇಷ್ಟು ಬಾಕಿ ಇದೆ" ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದು ಅವರದೇ ಬರಹ ಇಲ್ಲವೇ ಸಹಿಯಲ್ಲಿ ದಾಖಲಾದರೆ, ಆ ದಿನದಿಂದ ಮತ್ತೆ ಮೂರು ವರ್ಷ ಸಿಗ್ತದೆ. 1963ರ ಲಿಮಿಟೇಷನ್ ಕಾಯಿದೆಯ 18 ಮತ್ತು 19ನೇ ಕಲಂ ಇದನ್ನ ಹೇಳ್ತವೆ. ಆದ್ದರಿಂದ ಯುಗಾದಿಗೊಮ್ಮೆ ಲೆಕ್ಕ ನೋಡೋವಾಗ ಚೀಟಿಯ ಮೇಲೆ ಬಾಕಿ, ತಾರೀಖು, ಸಹಿ ಹಾಕಿಸಿಕೊಳ್ಳಿ. ಮಿತಿ ದಾಟಿದ ಮೇಲೆ ಎಂಥ ಗಟ್ಟಿ ನೋಟೀಸು ಕೊಟ್ಟರೂ ದಾವೆ ನಿಲ್ಲೋದು ಕಷ್ಟ.

ನೋಟೀಸು ಬರೆಯೋ ರೀತಿ

ನೋಟೀಸನ್ನು ವಕೀಲರೇ ಬರೀಬೇಕು ಅಂತೇನಿಲ್ಲ. ನೀವೇ ಕನ್ನಡದಲ್ಲಿ ಬರೆದು ಕಳಿಸಬಹುದು. ಸಣ್ಣ ಬಾಕಿಗೆ ಇಷ್ಟು ಸಾಕು:

"ಇವರಿಗೆ: (ಹೆಸರು, ಅಂಗಡಿ, ಪೂರ್ತಿ ವಿಳಾಸ). ಇವರಿಂದ: (ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು). ತಾರೀಖು:

ದಿನಾಂಕ …… ರಂದು ನಾನು ತಮಗೆ …… ಕ್ವಿಂಟಾಲ್ ಶೇಂಗಾವನ್ನು ಕ್ವಿಂಟಾಲಿಗೆ ರೂ. …… ರಂತೆ ಒಟ್ಟು ರೂ. …… ಕ್ಕೆ ಮಾರಾಟ ಮಾಡಿರುತ್ತೇನೆ. ತೂಕದ ಚೀಟಿಗೆ ತಾವು ಸಹಿ ಹಾಕಿರುತ್ತೀರಿ. ದಿನಾಂಕ …… ರಂದು ರೂ. …… ಕೊಟ್ಟಿದ್ದು, ರೂ. …… ಬಾಕಿ ಇರುತ್ತದೆ. ಹಲವು ಬಾರಿ ಕೇಳಿದರೂ ಕೊಟ್ಟಿರುವುದಿಲ್ಲ. ಈ ನೋಟೀಸು ತಲುಪಿದ 15 ದಿನದೊಳಗೆ ಸದರಿ ಬಾಕಿಯನ್ನು ನನ್ನ ಬ್ಯಾಂಕ್ ಖಾತೆಗೆ ಕಟ್ಟಬೇಕು. ತಪ್ಪಿದಲ್ಲಿ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಅದರ ಖರ್ಚು ಮತ್ತು ಬಡ್ಡಿಗೆ ತಾವೇ ಜವಾಬ್ದಾರರು. ಸಹಿ."

ಬೈಗುಳ ಬೇಡ, "ಕೈಕಾಲು ಮುರೀತೀವಿ" ಅನ್ನೋ ಮಾತು ಬೇಡವೇ ಬೇಡ. ಅದು ನಿಮ್ಮ ಮೇಲೇ ಕೇಸಾಗ್ತದೆ. ಹೆಚ್ಚು ಬರೆಯೋದೂ ಬೇಡ. ನೋಟೀಸಿನಲ್ಲಿ ಬರೆದ ತಾರೀಖು, ತೂಕ, ಮೊತ್ತ ನಾಳೆ ದಾವೆಯಲ್ಲಿ ಬರೆಯೋದಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎದುರು ವಕೀಲರು ಅದನ್ನೇ ಹಿಡಿದು ಎಳೀತಾರೆ.

ಎರಡು ಪ್ರತಿ ಮಾಡಿ, ಎರಡಕ್ಕೂ ಸಹಿ ಹಾಕಿ. ಒಂದನ್ನ ಕಳಿಸಿ, ಒಂದನ್ನ ಇಟ್ಟುಕೊಳ್ಳಿ. ಮೊದಲಿದ್ದ ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಅಂಚೆ ಇಲಾಖೆ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ಕೌಂಟರಿನಲ್ಲಿ "ನೋಂದಣಿ ಬೇಕು, ಮುಟ್ಟಿದ್ದಕ್ಕೆ ಪುರಾವೆಯೂ ಬೇಕು" ಅಂತ ಕೇಳಿ ಕಳಿಸಿ. ರಸೀದಿಯನ್ನು ನಿಮ್ಮ ಪ್ರತಿಗೆ ಅಂಟಿಸಿ. ಆ ರಸೀದಿಗಳ ಅಕ್ಷರ ಬೇಗ ಮಾಸ್ತವೆ, ಅದಕ್ಕೇ ಜೆರಾಕ್ಸ್ ಮಾಡಿಸಿ ಇಡಿ. ಅಂಗಡಿ ವಿಳಾಸ, ಮನೆ ವಿಳಾಸ ಎರಡೂ ಗೊತ್ತಿದ್ದರೆ ಎರಡಕ್ಕೂ ಕಳಿಸಿ.

ಬೀಜ ಕೈಕೊಟ್ಟಾಗ

ಕಳಪೆ ಬೀಜ, ಕಳಪೆ ಪಂಪ್‌ಸೆಟ್ಟು, ಕೆಲಸ ಮಾಡದ ಔಷಧಿ, ಇವುಗಳಿಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಬೀಜದ ವಿಷಯದಲ್ಲಿ ರೈತ ಗ್ರಾಹಕನೇ ಅಲ್ಲ ಅನ್ನೋ ವಾದ ಬಹಳ ಕಾಲ ನಡೀತಿತ್ತು. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ರೈತ ಗ್ರಾಹಕ ಕಾಯಿದೆಯಡಿ ಪರಿಹಾರ ಕೇಳಬಹುದು ಅಂತಾಯಿತು. ಪರೀಕ್ಷೆಗೆ ಬೇಕಾದೀತು ಅಂತ ರೈತ ಬೀಜ ಉಳಿಸಿಟ್ಟುಕೊಂಡಿರಬೇಕು ಅಂತ ನಿರೀಕ್ಷಿಸೋ ಹಾಗಿಲ್ಲ ಅಂತಲೂ ಹೇಳಿತು. ತಂದ ಬೀಜವನ್ನೆಲ್ಲ ಬಿತ್ತಿಬಿಡೋರು ನಾವು, ಆ ಮಾತು ನಮಗೆ ಬಹಳ ಬೇಕಾಗಿತ್ತು.

ಗ್ರಾಹಕ ಆಯೋಗಕ್ಕೆ ಹೋಗೋ ಮುಂಚೆ ನೋಟೀಸು ಕಡ್ಡಾಯವಲ್ಲ, ಆದರೆ ಕೊಟ್ಟು ಹೋಗೋದು ಲೇಸು. ಅಂಗಡಿಯವರಿಗೂ ಕಂಪನಿಗೂ ಇಬ್ಬರಿಗೂ ಕೊಡಿ. ಬಿಲ್ಲಿನ ನಂಬರು, ತಳಿ, ಚೀಲದ ಮೇಲಿನ ಲಾಟ್ ನಂಬರು, ಬಿತ್ತಿದ ತಾರೀಖು, ಎಕರೆ, ಎಷ್ಟು ಮೊಳಕೆ ಬಂತು ಎಲ್ಲ ಬರೀರಿ. ಅದಕ್ಕೂ ಮುಂಚೆ, ಬೆಳೆ ಹೊಲದಲ್ಲಿ ಇರೋವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಟ್ಟು ಕೃಷಿ ಅಧಿಕಾರಿಗಳು ಬಂದು ನೋಡಿ ವರದಿ ಬರೆಯೋ ಹಾಗೆ ಮಾಡಿ. ಹರಗಿದ ಮೇಲೆ ಹೊಲದಲ್ಲಿ ಸಾಕ್ಷಿ ಉಳಿಯೋದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಂಡ ಮಾಲಿನ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ.

ಸರ್ಕಾರದ ಮೇಲೆ ದಾವೆಯಾದರೆ

ರಸ್ತೆ ಮಾಡೋರು ಹೊಲದ ಮಣ್ಣು ತೋಡಿದರು, ಕಾಲುವೆಯವರು ಬದು ಒಡೆದರು, ಕಂದಾಯದವರು ನಮ್ಮ ಜಮೀನನ್ನು ಸರ್ಕಾರದ್ದು ಅಂದರು ಅಂತಿಟ್ಟುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರದ ಮೇಲೆ ದಾವೆ ಹಾಕೋ ಮುಂಚೆ ನೋಟೀಸು ಕೊಟ್ಟು ಎರಡು ತಿಂಗಳು ಕಾಯಲೇಬೇಕು. ಇಲ್ಲಿ ನೋಟೀಸು ಕಡ್ಡಾಯ. ರಾಜ್ಯ ಸರ್ಕಾರವಾದರೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಕೊಡಬೇಕು. ಒಬ್ಬ ಅಧಿಕಾರಿ ಹುದ್ದೆಯಲ್ಲಿದ್ದು ಮಾಡಿದ ಕೆಲಸದ ಮೇಲಾದರೆ ಅವರ ಕೈಗೆ ಇಲ್ಲವೇ ಅವರ ಕಚೇರಿಗೆ ಕೊಡಬೇಕು. ನಿಮ್ಮ ಹೆಸರು, ವಿವರ, ವಾಸದ ಸ್ಥಳ, ವ್ಯಾಜ್ಯದ ಕಾರಣ, ನೀವು ಕೇಳೋ ಪರಿಹಾರ ಇಷ್ಟೂ ಅದರಲ್ಲಿ ಇರಬೇಕು. ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಈ ಎರಡು ತಿಂಗಳು ದಾವೆಯ ಮಿತಿಯ ಲೆಕ್ಕದಿಂದ ಬಿಟ್ಟುಹೋಗ್ತದೆ, ಅಷ್ಟು ದಿನ ನಮಗೆ ಹೆಚ್ಚು ಸಿಗ್ತದೆ. ಬರೀ ಖಾಸಗಿಯವರಿಗೆ ಕೊಡೋ ಮಾಮೂಲು ನೋಟೀಸಿಗೆ ಈ ಅನುಕೂಲ ಇಲ್ಲ. ನಾಳೆಯೇ ಜೆಸಿಬಿ ಬರ್ತದೆ ಅನ್ನೋ ಅವಸರ ಇದ್ದರೆ, ಕೋರ್ಟಿನ ಅನುಮತಿ ಪಡೆದು ನೋಟೀಸಿಲ್ಲದೆಯೂ ದಾವೆ ಹಾಕಬಹುದು. ಆಗಲೂ ಸರ್ಕಾರದವರ ಮಾತು ಕೇಳದೆ ಕೋರ್ಟು ತಡೆ ಕೊಡೋದಿಲ್ಲ. ಸರ್ಕಾರಗಳು ಇಂಥ ನೋಟೀಸುಗಳಿಗೆ ಬಹುಪಾಲು ಜವಾಬೇ ಕೊಡ್ತಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟೇ ಬೇಸರದಿಂದ ಹೇಳಿ, ಜವಾಬು ಕೊಡಲು ಒಬ್ಬ ಅಧಿಕಾರಿಯನ್ನು ನೇಮಿಸಿ ಅಂತ ಸೂಚಿಸಿತ್ತು. ಜವಾಬು ಬರಲಿಲ್ಲ ಅಂತ ಎದೆಗುಂದಬೇಡಿ. ಎರಡು ತಿಂಗಳು ಮುಗಿದ ಮರುದಿನ ನಿಮ್ಮ ದಾರಿ ಬಿಟ್ಟಿರ್ತದೆ.

ಸಹಕಾರ ಸಂಘದ ಆಡಳಿತ ಅಥವಾ ವ್ಯವಹಾರದ ವಿಷಯದಲ್ಲಿ ದಾವೆ ಹಾಕೋದಿದ್ದರೂ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 125ನೇ ಕಲಮಿನಂತೆ ಸಹಕಾರ ಸಂಘಗಳ ರಿಜಿಸ್ಟ್ರಾರರಿಗೆ ಎರಡು ತಿಂಗಳ ನೋಟೀಸು ಕೊಡಬೇಕು. ಸದಸ್ಯರ ಎಷ್ಟೋ ತಕರಾರುಗಳು ಕೋರ್ಟಿಗಿಂತ ಮೊದಲು ರಿಜಿಸ್ಟ್ರಾರರ ಮುಂದೆಯೇ ಹೋಗಬೇಕಾಗ್ತವೆ. ವಕೀಲರನ್ನು ಇದನ್ನ ಕೇಳಿಯೇ ಮುಂದುವರಿಯಿರಿ.

ನಮಗೇ ಬಂದಾಗ ಜವಾಬು

ಈಗ ತಕ್ಕಡಿಯ ಇನ್ನೊಂದು ತಟ್ಟೆ. ನೋಟೀಸಿಗೆ ಜವಾಬು ಕೊಡದಿದ್ದರೆ ಅದೊಂದೇ ಕಾರಣಕ್ಕೆ ಶಿಕ್ಷೆಯಿಲ್ಲ. ಆದರೆ ಸುಮ್ಮನಿದ್ದದ್ದು ನಮ್ಮ ವಿರುದ್ಧ ಮಾತಾಡ್ತದೆ. ನಮ್ಮ ರಾಜ್ಯದಿಂದಲೇ ಹೋದ ಒಂದು ಚೆಕ್ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ನೋಟೀಸಿಗೆ ಜವಾಬು ಕೊಡದೇ ಇದ್ದದ್ದರಿಂದ ದೂರುದಾರರ ಮಾತಿನಲ್ಲಿ ಹುರುಳಿದೆ ಅಂತ ತಿಳಿಯಬೇಕಾಗ್ತದೆ ಅಂದಿತು. ಜವಾಬು ಕೊಡದವರಿಗೆ ಮುಂದೆ ವಾದವೇ ಇಲ್ಲ ಅಂತಲ್ಲ. ಆದರೆ ಎರಡು ವರ್ಷ ಬಿಟ್ಟು ಕಟಕಟೆಯಲ್ಲಿ ಹೇಳೋ ಮಾತಿಗಿಂತ ಹದಿನೈದು ದಿನದಲ್ಲಿ ಬರೆದ ಮಾತಿಗೆ ತೂಕ ಹೆಚ್ಚು.

ನನಗೆ ಬಂದದ್ದು ಬದುವಿನ ನೋಟೀಸು. ಪಕ್ಕದ ಹೊಲದವರ ಆರು ಗುಂಟೆ ಒತ್ತಿದ್ದೇನೆ, 15 ದಿನದಲ್ಲಿ ಬಿಡಬೇಕು ಅಂತ. ಪಹಣಿ, ಹಳೇ ಕ್ರಯಪತ್ರ, ಟಿಪ್ಪಣಿ ನಕಲು ಹಿಡ್ಕೊಂಡು ಮೂರನೇ ದಿನ ವಕೀಲರ ಹತ್ತಿರ ಹೋದೆ. ಜವಾಬು ಒಂದೇ ಪುಟ. ನೋಟೀಸಿನ ಇಂಥ ಪ್ಯಾರಾ ನಿಜ, ಇಂಥದ್ದು ನಿಜವಲ್ಲ. ಬದು ನಮ್ಮ ತಂದೆಯ ಕಾಲದಿಂದ ಅಲ್ಲೇ ಇದೆ. ಎರಡೂ ಕಡೆಯವರ ಎದುರಿಗೆ ಸರ್ಕಾರಿ ಭೂಮಾಪಕರಿಂದ ಹದ್ದುಬಸ್ತು ಮಾಡಿಸಲು ನಾವು ತಯಾರು, ಅದರಲ್ಲಿ ಬಂದ ಗಡಿಗೆ ನಡೀತೇವೆ. ಇಷ್ಟೇ. ಅಳತೆಯಲ್ಲಿ ಆರು ಗುಂಟೆ ಬರಲಿಲ್ಲ. ಒಂದು ಮೂಲೆಯಲ್ಲಿ ಎರಡು ಮಾರು ಅವರಿಗೆ ಸೇರಿತ್ತು, ಬಿಟ್ಟುಕೊಟ್ಟೆ. ಕಲ್ಲು ನೆಟ್ಟೆವು. ಇವತ್ತಿಗೂ ಅವರ ಎತ್ತು ನಮ್ಮ ಹೊಲಕ್ಕೆ, ನಮ್ಮ ಎತ್ತು ಅವರ ಹೊಲಕ್ಕೆ ಹೋಗಿಬರ್ತವೆ.

ಜವಾಬಿನಲ್ಲಿ ನೆನಪಿಡಬೇಕಾದ್ದು:

- ಒಂದೊಂದು ಪ್ಯಾರಾಕ್ಕೂ ಬೇರೆ ಬೇರೆ ಉತ್ತರ ಕೊಡಿ. ಬಿಟ್ಟ ಮಾತನ್ನು ಒಪ್ಪಿದ ಹಾಗೆ ತೋರಿಸೋಕೆ ಎದುರಿನವರಿಗೆ ಅವಕಾಶ ಆಗ್ತದೆ.
- ನಿಜ ಇದ್ದದ್ದನ್ನ ಸುಳ್ಳು ಅನ್ನಬೇಡಿ. ಸಾಲ ತಂದದ್ದು ನಿಜವಾದರೆ ಎಷ್ಟು ತಂದಿರಿ, ಎಷ್ಟು ತೀರಿಸಿದಿರಿ ಅಂತ ತಾರೀಖಿನ ಸಮೇತ ಬರೀರಿ.
- ಹೆದರಿಕೆಯಲ್ಲಿ "ಎಲ್ಲ ಕೊಡ್ತೀನಿ, ಸ್ವಲ್ಪ ಟೈಮು ಕೊಡಿ" ಅಂತ ಬರೆದು ಸಹಿ ಹಾಕಬೇಡಿ. ಅದು ಬಾಕಿ ಒಪ್ಪಿದ ಪತ್ರ ಆಗ್ತದೆ, ಮಿತಿಯೂ ಹೊಸದಾಗಿ ಶುರುವಾಗ್ತದೆ.
- ನೋಟೀಸು ಕೊಟ್ಟ ವಕೀಲರಿಗೆ ಫೋನು ಮಾಡಿ ಜಗಳ ಆಡಬೇಡಿ, ಕಷ್ಟ ತೋಡಿಕೊಳ್ಳಲೂ ಬೇಡಿ. ಅವರು ಎದುರು ಪಾರ್ಟಿಯ ವಕೀಲರು.
- ಹಿರಿಯರು ಕೂತು ರಾಜಿ ಮಾಡಿದರೆ ಒಳ್ಳೇದೇ. ಆದರೆ ರಾಜಿಯನ್ನು ಬರೆದು ಇಬ್ಬರೂ ಸಹಿ ಹಾಕಿ. ಬಾಯಿ ರಾಜಿ ದಿನ ನಿಲ್ಲಿಸೋದಿಲ್ಲ.

ಖಾಲಿ ಚೆಕ್ಕಿನ ಉರುಳು

ಬೀಜ ಗೊಬ್ಬರಕ್ಕೆ, ಕೊಳವೆ ಬಾವಿಗೆ ಅಂತ ಖಾಸಗಿ ಸಾಲ ತರೋವಾಗ ಸಹಿ ಹಾಕಿದ ಖಾಲಿ ಚೆಕ್ಕು ಇಸಕೊಳ್ತಾರೆ. ಇಪ್ಪತ್ತು ಸಾವಿರದ ಸಾಲಕ್ಕೆ ಎರಡು ಲಕ್ಷ ಬರೆದುಕೊಂಡು ನೋಟೀಸು ಕಳಿಸೋರೂ ಇದ್ದಾರೆ. "ಬರೆದದ್ದು ನಾನಲ್ಲ, ಸಹಿ ಮಾತ್ರ ನಂದು" ಅಂದರೆ ಸಾಲದು. ನಾವೇ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕೂ ಸಾಲಕ್ಕೆ ಕೊಟ್ಟದ್ದು ಅಂತಲೇ ಕಾನೂನು ಮೊದಲು ತಿಳಿದುಕೊಳ್ತದೆ, ಅಲ್ಲ ಅಂತ ತೋರಿಸಬೇಕಾದವರು ನಾವು ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತೋರಿಸೋದು ಯಾವುದರಿಂದ? ಸಾಲ ತೀರಿಸಿದ ರಸೀದಿಯಿಂದ, ಬ್ಯಾಂಕಿನ ಪಾಸ್‌ಬುಕ್ಕಿನಿಂದ. ಚೆಕ್ಕು ಕೊಟ್ಟ ಮೇಲೆ ಸ್ವಲ್ಪ ಸಾಲ ತೀರಿಸಿದ್ದು, ಆದರೂ ಅದನ್ನ ಕಳೆಯದೆ ಪೂರ್ತಿ ಮೊತ್ತಕ್ಕೆ ಚೆಕ್ಕು ಹಾಕಿದರೆ 138ನೇ ಕಲಂ ತಗಲುವುದಿಲ್ಲ ಅಂತ 2022ರಲ್ಲಿ ಅದೇ ಕೋರ್ಟು ಹೇಳಿದೆ. ಆದ್ದರಿಂದ ಕಂತು ಕಟ್ಟೋದನ್ನ ಖಾತೆಯಿಂದಲೇ ಕಟ್ಟಿ, ರಸೀದಿ ತಗೊಳ್ಳಿ. ಸಾಲ ತೀರಿದ ದಿನ ಚೆಕ್ಕು ವಾಪಸ್ ಇಸಕೊಳ್ಳಿ, ಕೊಡದಿದ್ದರೆ ಅದನ್ನೇ ಬರೆದು ಒಂದು ನೋಟೀಸು ನೀವೇ ಕಳಿಸಿ.

ಬ್ಯಾಂಕಿನಿಂದ 60 ದಿನದ ನೋಟೀಸು ಬಂದರೆ ಅದು 2002ರ ಸರ್ಫೇಸಿ ಕಾಯಿದೆಯದ್ದಾಗಿರಬಹುದು. ತಕರಾರು ಇದ್ದರೆ ಬರೆದು ಕೊಡಿ, ಬ್ಯಾಂಕು 15 ದಿನದೊಳಗೆ ಅದಕ್ಕೆ ಉತ್ತರಿಸಬೇಕು. ನಿಜಕ್ಕೂ ವ್ಯವಸಾಯಕ್ಕೆ ಬಳಕೆಯಾಗ್ತಿರೋ ಕೃಷಿ ಜಮೀನಿಗೆ ಆ ಕಾಯಿದೆ ಅನ್ವಯಿಸೋದಿಲ್ಲ, 31ನೇ ಕಲಮಿನಲ್ಲೇ ಅದನ್ನ ಬಿಟ್ಟಿದ್ದಾರೆ. ಹಾಗಂತ ಸಾಲ ಹೋಯಿತು ಅಂತಲ್ಲ, ಬೇರೆ ದಾರಿಯಲ್ಲಿ ವಸೂಲಿಗೆ ಬರಬಹುದು. ಆದರೆ ಜವಾಬಿನಲ್ಲಿ ಪಹಣಿ ಇಟ್ಟು ಆ ಮಾತು ಎತ್ತೋದು ನಮ್ಮ ಹಕ್ಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬರ ನೆರೆಯಂಥ ವಿಪತ್ತಿಗೆ ಸಿಕ್ಕವರು, ಸರ್ಕಾರ ಗೊತ್ತುಮಾಡಿದ ವರಮಾನ ಮಿತಿಯೊಳಗಿನವರು, ಇವರಿಗೆ ವಕೀಲರ ನೆರವು ಪುಕ್ಕಟೆ. ಫೋನು ನಂಬರು 15100. ದಾವೆ ಹಾಕೋ ಮುಂಚೆಯೇ ವ್ಯಾಜ್ಯವನ್ನ ಲೋಕ ಅದಾಲತ್ತಿನ ಮುಂದಿಟ್ಟು ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲಿಲ್ಲ.

ಗೋಡೆಗೆ ಬರೆದಿಟ್ಟುಕೊಳ್ಳಿ

ಚೆಕ್ಕು ಬ್ಯಾಂಕಿಗೆ ಹಾಕಲು: 3 ತಿಂಗಳು
ಚೆಕ್ಕು ವಾಪಸಾದದ್ದು ತಿಳಿದ ಮೇಲೆ ನೋಟೀಸಿಗೆ: 30 ದಿನ
ನೋಟೀಸು ಮುಟ್ಟಿದ ಮೇಲೆ ಹಣ ಕಟ್ಟಲು: 15 ದಿನ
ಆಮೇಲೆ ದೂರಿಗೆ: 1 ತಿಂಗಳು
ಸರ್ಕಾರಕ್ಕೆ ನೋಟೀಸು ಕೊಟ್ಟು ಕಾಯಲು: 2 ತಿಂಗಳು
ಗ್ರಾಹಕ ಆಯೋಗಕ್ಕೆ: 2 ವರ್ಷ
ಬಾಕಿ ಹಣದ ದಾವೆಗೆ: 3 ವರ್ಷ
ಸಮನ್ಸು ಬಂದರೆ ಲಿಖಿತ ಹೇಳಿಕೆಗೆ: 30 ದಿನ

ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇಡಿ. ತೂಕದ ಚೀಟಿ, ಬೀಜದ ಬಿಲ್ಲು, ಖಾಲಿ ಬೀಜದ ಚೀಲದ ಲೇಬಲ್ಲು, ಅಂಚೆ ರಸೀದಿ, ಲಕೋಟೆ, ಬ್ಯಾಂಕಿನ ಮೆಮೊ ಎಲ್ಲ ಅದರಲ್ಲಿ ಬೀಳಲಿ. ಇಲಿ, ಗೆದ್ದಲು ಮುಟ್ಟದ ಹಾಗೆ ನೋಡಿಕೊಳ್ಳಿ. ಮನೆಯ ಹೆಂಗಸರಿಗೂ ಮಕ್ಕಳಿಗೂ ಅದು ಎಲ್ಲಿದೆ ಅಂತ ಗೊತ್ತಿರಲಿ. ನಾವು ಹೊಲದಲ್ಲಿರೋವಾಗ ಅಂಚೆಯಣ್ಣನ ಕೈಯಿಂದ ಲಕೋಟೆ ತಗೊಳ್ಳೋರು ಅವರೇ.